ನಲವತ್ತು ಜೇಬಿನ ಗೋಡೆ

ಲಾರಿಯ ಮೇಲಿಂದ ಬಿದ್ದು ಗಂಡನ ಸೊಂಟ ಮುರಿದ ಮೇಲೆ ಹೊಲಿಗೆಯಕ್ಕ ಅವನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದಳು. ಅಲ್ಲಿಂದ ಕಾಣುತ್ತಿದ್ದುದು ಹಿತ್ತಲಿನ ಬೋಳು ಗೋಡೆಯೊಂದೇ. ಅವಳು ಲಾರಿಯ ಹಳೆಯ ಟಾರ್ಪಾಲನ್ನು ಕತ್ತರಿಸಿ, ಅದಕ್ಕೆ ನಲವತ್ತು ಜೇಬು ಹೊಲಿದು, ಮಣ್ಣು ತುಂಬಿ, ಪುದೀನ ಸಸಿ ನೆಟ್ಟು ಆ ಗೋಡೆಗೆ ತೂಗುಹಾಕಿದಳು.

"ನನ್ನ ಅಂಗಿಗಿಲ್ಲದ ಜೇಬು ಗೋಡೆಗೆ ಬಂತು ನೋಡು," ಎಂದು ಗಂಡ ಎಷ್ಟೋ ತಿಂಗಳ ಮೇಲೆ ನಕ್ಕ.

ಮೇಲಿನ ಸಾಲಿಗೆ ಹಾಕಿದ ನೀರೆಲ್ಲ ಇಳಿದು ಕೆಳಗಿನ ಸಸಿಗಳು ಕೊಳೆತವು. ಅವಳು ಆ ಜೇಬುಗಳ ತಳಕ್ಕೆ ದಬ್ಬಳದಿಂದ ತೂತು ಹೊಡೆದು ಮತ್ತೆ ನೆಟ್ಟಳು. ಪುದೀನ ಗೋಡೆ ತುಂಬ ಹಬ್ಬಿತು.

ಅಷ್ಟರಲ್ಲಿ ಪಕ್ಕದ ಮನೆಯವರು ಎರಡು ಅಂತಸ್ತು ಎಬ್ಬಿಸಿದರು. ಎಲೆಗಳು ಹಳದಿಗೆ ತಿರುಗತೊಡಗಿದವು. ಅವಳು ಗೊಬ್ಬರ ಹಾಕಿದಳು, ಹುಳು ಬಿದ್ದಿರಬಹುದೆಂದು ಒಂದೊಂದು ಎಲೆಯನ್ನೂ ಒರೆಸಿದಳು. ದಿನಾ ಬೆಳಗಿನ ಜಾವವೇ ನೀರು ಹಾಕಿ ಹೊಲಿಗೆಗೆ ಕೂರುತ್ತಿದ್ದವಳು ಕೊನೆಗೊಂದು ಮಧ್ಯಾಹ್ನ ಅದನ್ನು ಬಿಟ್ಟು ಬಂದು ನೋಡಿದರೆ ಗೋಡೆಯ ಮೇಲೆ ಒಂದು ಚೂರೂ ಬಿಸಿಲಿರಲಿಲ್ಲ.

"ಬಿಸಿಲು ಬರ್ತಾನೇ ಇಲ್ವಲ್ರೀ! ನಿಮಗೆ ಗೊತ್ತಿತ್ತಾ?"

"ದಿನಾ ಅದನ್ನೇ ನೋಡ್ಕೊಂಡು ಮಲಗಿರೋನು ನಾನು. ಬಿಸಿಲು ಹೋಗಿ ಎರಡು ತಿಂಗಳಾಯ್ತು."

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ನೀನು ನೀರು ಹಾಕ್ತಾ ಹಾಡು ಹೇಳ್ಕೋತಿದ್ದೆ. ಹೇಗೆ ಹೇಳ್ಲಿ?"

ಬಿಸಿಲು ಬೀಳುವ ಇನ್ನೊಂದು ಗೋಡೆ ಅವರಿಗಿರಲಿಲ್ಲ. ಒಣಗಿದ್ದನ್ನು ಕೀಳಲು ಕೈ ಬಾರದೆ ಮರುದಿನವೂ ಅವಳು ಎಲ್ಲ ಜೇಬಿಗೂ ನೀರು ಹಾಕಿ ಬಂದಳು. ಗಂಡ ಕಣ್ಣು ಮುಚ್ಚಿ ನಿದ್ದೆ ಹೋದವನಂತೆ ಮಲಗಿದ್ದ. ಅವನು ಎಚ್ಚರವಾಗಿಯೇ ಇದ್ದಾನೆಂದು ಅವಳಿಗೆ ಗೊತ್ತಿತ್ತು.