ಬೆಲ್ಲ ತಂದವರೆಲ್ಲ ಒಳ್ಳೆಯವರು

ಹೋದ ತಿಂಗಳು ಮಂಡ್ಯದ ಆಸ್ಪತ್ರೆಯೊಂದರಲ್ಲಿ ನರ್ಸಮ್ಮ ಬೆಡ್‌ಶೀಟ್ ಬದಲಾಯಿಸುತ್ತಿದ್ದರು. ದಿಂಬಿನ ಕವರ್ ಕೊಡವಿದರು. ನಾಲ್ಕು ಅಚ್ಚು ಬೆಲ್ಲ ನೆಲಕ್ಕೆ ಬಿದ್ದವು. ಅದರಲ್ಲಿ ಒಂದು ಅರ್ಧ ಕಚ್ಚಿದ್ದು.

ಆ ಬೆಡ್ಡು ನನ್ನ ಅಣ್ಣನದು. ಅಣ್ಣನಿಗೆ ಹನ್ನೊಂದು ವರ್ಷದಿಂದ ಶುಗರ್. ಗದ್ದೆಯಲ್ಲಿ ಕಡಿದ ಕಬ್ಬಿನ ಕೂಳೆ ಕಾಲ್ಬೆರಳಿಗೆ ಚುಚ್ಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಕಾಲಿಗೆ ಸ್ಪರ್ಶ ಕಮ್ಮಿಯಾಗಿತ್ತು. ಗೊತ್ತಾದ ಮೇಲೂ ಅರಿಶಿನ ಮೆತ್ತಿಕೊಂಡು ಹದಿನೈದು ದಿನ ಓಡಾಡಿದ. ಕೀವಾಗಿ, ಜ್ವರ ಬಂದ ಮೇಲೆ ಅಡ್ಮಿಟ್ ಮಾಡಿದೆವು. ಶುಗರ್ ಹಿಡಿತಕ್ಕೆ ಬಂದರೆ ಬೆರಳು ಉಳಿಸಬಹುದು ಅಂದಿದ್ದರು ಡಾಕ್ಟರು. ಆದರೆ ಇನ್ಸುಲಿನ್ ಎಷ್ಟು ಏರಿಸಿದರೂ ಅದು ಇಳಿಯುತ್ತಿರಲಿಲ್ಲ. ಯಾಕೆ ಅಂತ ಅವರು ತಲೆ ಕೆಡಿಸಿಕೊಂಡಿದ್ದರು. ಇಳಿಯೋದು ಹೇಗೆ?

ಐವತ್ತೆಂಟು ವರ್ಷದ ಅಣ್ಣನನ್ನು ವಾರ್ಡಿನಲ್ಲಿ ಎಲ್ಲರೆದುರು ಬೈದೆ. (ಪಕ್ಕದ ಬೆಡ್ಡಿನವರು ಇಡ್ಲಿ ತಿನ್ನೋದು ನಿಲ್ಲಿಸಿ ನೋಡಿದರು. ನೋಡಲಿ.) ಅವನು ಗೋಡೆ ಕಡೆ ತಿರುಗಿಕೊಂಡ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ. ತಂದದ್ದು ಮರಿಸ್ವಾಮಿ.

ಮರಿಸ್ವಾಮಿ ಅಣ್ಣನ ಗೆಳೆಯ. ಮಳವಳ್ಳಿಯಲ್ಲಿ ಹೈಸ್ಕೂಲು ಓದುವಾಗಿನಿಂದಲೂ ಜೋಡಿ. ಈಗ ಮದ್ದೂರಿನ ಹತ್ತಿರ ಆಲೆಮನೆ ಇಟ್ಟುಕೊಂಡಿದ್ದಾನೆ. ನಮ್ಮಪ್ಪ ತೀರಿಕೊಂಡಾಗ ಹೆಗಲು ಕೊಟ್ಟವನು. ಅಣ್ಣ ಅಡ್ಮಿಟ್ ಆದಾಗಿನಿಂದ ಒಂದು ದಿನವೂ ತಪ್ಪಿಸದೆ ಬಸ್ಸು ಹತ್ತಿ ಬಂದಿದ್ದ. ಅತ್ತಿಗೆ ಔಷಧಿ ತರಲು ಕೆಳಗೆ ಹೋದಾಗ ಜೇಬಿನಿಂದ ಬೆಲ್ಲ ತೆಗೆದು ದಿಂಬಿನೊಳಗೆ ತುರುಕುತ್ತಿದ್ದನಂತೆ. ಫೋನ್ ಮಾಡಿ ಕೇಳಿದೆ. ಅವನಿಗೆ ತಾನು ತಪ್ಪು ಮಾಡಿದ್ದೇನೆ ಅನ್ನುವ ಅನುಮಾನವೇ ಇರಲಿಲ್ಲ.

"ನಮ್ಮ ಆಲೆಮನೇದು ಕಣಮ್ಮ, ಒಂಚೂರೂ ಕೆಮಿಕಲ್ ಆಕಿಲ್ಲ. ಸುಗರ್ ಬರಾದು ಬಿಳೀ ಸಕ್ರೆಯಿಂದ. ಬೆಲ್ಲ ಏನ್ ಮಾಡ್ತದೆ?"

ಇದು ಮರಿಸ್ವಾಮಿಯೊಬ್ಬನ ಮಾತಲ್ಲ. ನಮ್ಮ ಜಿಲ್ಲೆಯಲ್ಲಿ ಹತ್ತು ಮನೆಗೆ ಹೋದರೆ ಎಂಟು ಮನೆಯಲ್ಲಿ ಇದನ್ನೇ ಹೇಳುತ್ತಾರೆ. ಕಾಫಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡು, ಪಥ್ಯ ಮಾಡ್ತಿದೀನಿ ಅಂತ ಎದೆಯುಬ್ಬಿಸುವವರು ನಮ್ಮ ಬೀದಿಯಲ್ಲೇ ಇದ್ದಾರೆ. ನಾವು ಬೆಳೆದದ್ದು, ನಾವು ಕಾಯಿಸಿದ್ದು, ನಮಗೇ ಹೇಗೆ ಕೇಡು ಮಾಡುತ್ತದೆ ಅನ್ನುವ ಹುಂಬತನ. ರಕ್ತಕ್ಕೆ ಬೆಲ್ಲದ ಬಣ್ಣ ಕಾಣಿಸುತ್ತದೆಯೇನ್ರೀ?

ಬಾಯಿಗೆ ಬಂದಂತೆ ಬೈದು ಫೋನಿಟ್ಟೆ. ಮಾರನೆಯ ದಿನದಿಂದ ಮರಿಸ್ವಾಮಿ ಬರಲಿಲ್ಲ. ಅಣ್ಣ ನನ್ನ ಜೊತೆ ಮಾತು ಬಿಟ್ಟ.

ಈಗ ಅತ್ತಿಗೆಯ ವಿಷಯಕ್ಕೆ ಬರುತ್ತೇನೆ. ಜಯಮ್ಮ, ಅಣ್ಣನ ಹೆಂಡತಿ. ವಾರ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದಳು. ನೋಡಲು ಬಂದವರ ಚೀಲ ತೆಗೆಸುತ್ತಿದ್ದಳು. ಬಾಳೆಹಣ್ಣು, ರಸ್ಕು, ಬಾಟಲಿ ಜ್ಯೂಸು, ಜಿಲೇಬಿ. (ಹೌದು, ಶುಗರ್ ಪೇಶೆಂಟ್ ನೋಡೋಕೆ ಜಿಲೇಬಿ ಕಟ್ಟಿಸಿಕೊಂಡು ಬಂದವರಿದ್ದರು.) ಎಲ್ಲವನ್ನೂ ಅವರ ಕೈಗೇ ವಾಪಸ್ ಕೊಟ್ಟು, ಮಾತಾಡಿಸಿ ಹೋಗಿ ಅನ್ನುತ್ತಿದ್ದಳು. ನೆಂಟರಿಗೆ ಉರಿದುಹೋಯಿತು. ಒಬ್ಬೊಬ್ಬರಾಗಿ ನನಗೆ ಫೋನ್ ಮಾಡಿ ದೂರಿದರು. ಮಳವಳ್ಳಿಯ ದೊಡ್ಡಮ್ಮನಂತೂ ಅತ್ತೇಬಿಟ್ಟಳು.

"ಗಂಡನ ಬಾಯಿಗೆ ಬೀಗ ಆಕವ್ಳೆ ಕಣವ್ವ ನಿಮ್ಮತ್ಗೆ. ನಾನೇನು ಇಸ ತಂದಿದ್ನಾ?"

ಹೂಂ, ನೀನು ತಂದದ್ದು ವಿಷವೇ ಅನ್ನಬೇಕಿತ್ತು.

ನಮ್ಮ ಕಡೆ ಬರಿಗೈಲಿ ಯಾರ ಮನೆಗೂ ಹೋಗುವುದಿಲ್ಲ. ಎಲೆ ಮುಂದೆ ಕೂತವನು ಬೇಡ ಅಂದರೆ ಅದನ್ನು ಸಂಕೋಚ ಅಂತಲೇ ತಿಳಿಯುತ್ತೇವೆ. ಎರಡನೆಯ ಸಲವೂ ಬೇಡ ಅಂದರೆ, ಯಾಕೆ, ನಮ್ಮನೇದು ಸೇರಲ್ವಾ ಅಂತ ಕೇಳುತ್ತೇವೆ. ಮೂರನೆಯ ಸಲ ಅಂದವನ ಮೇಲೆ ಮುನಿಸಿಕೊಳ್ಳುತ್ತೇವೆ. ನಮ್ಮಣ್ಣನಂಥ ಮೆದು ಮನುಷ್ಯ ಏನು ಮಾಡಬೇಕು? ತಿಂದ. ಹನ್ನೊಂದು ವರ್ಷ ಗೃಹಪ್ರವೇಶ, ನಿಶ್ಚಿತಾರ್ಥ, ಬೀಗರ ಔತಣ ಅಂತ ಎಲ್ಲರನ್ನೂ ಸಂತೋಷಪಡಿಸುತ್ತಾ ತಿಂದ. ಇಷ್ಟೊಂದು ಪ್ರೀತಿ ಇದ್ದ ಜನದಲ್ಲಿ ಒಬ್ಬರಾದರೂ, ಇವತ್ತು ಮಾತ್ರೆ ತಗೊಂಡ್ಯಾ ಅಂತ ಕೇಳಿದರಾ? ಎಲ್ಲಿ, ನಿನ್ನ ಪಾದ ತೋರಿಸು ಅಂದರಾ? ಅದನ್ನು ಕೇಳುತ್ತಿದ್ದವಳು ಜಯಮ್ಮ ಒಬ್ಬಳೇ. ಅದಕ್ಕೇ ಅವಳು ಗಯ್ಯಾಳಿ, ಜುಗ್ಗಿ, ಗಂಡನನ್ನು ಗುಲಾಮ ಮಾಡಿಕೊಂಡವಳು!

ಇಷ್ಟೆಲ್ಲ ಬರೆಯುವ ನಾನು ಏನು ಮಹಾ ಸಾಚಾ?

ಹೋದ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋಗಿದ್ದೆ. ಅಪ್ಪನಿಗೆ ಎಡೆಯಿಟ್ಟು ಊಟಕ್ಕೆ ಕೂತಾಗ, ನಾನೇ ಕರಿದ ಕಜ್ಜಾಯ ಅಣ್ಣನ ಎಲೆಗೆ ಬಡಿಸಿದೆ. ಅತ್ತಿಗೆ ಬೇಡ ಅಂತ ಕೈ ಅಡ್ಡ ಹಿಡಿದಳು. ಇಡೀ ಪಂಕ್ತಿಯ ಎದುರಿಗೆ ನಾನು ಅಂದೆ, "ನನ್ನ ಅಣ್ಣಂಗೆ ನಾನು ಬಡಿಸೋಕೂ ನಿನ್ನ ಪರ್ಮಿಷನ್ ಬೇಕಾ ಅತ್ತಿಗೆ?" ಅವಳು ಕೈ ಹಿಂದಕ್ಕೆ ತೆಗೆದಳು. ಅಣ್ಣ ಮೂರು ತಿಂದ. ನನಗೆ ಗೆದ್ದಷ್ಟು ಖುಷಿಯಾಯಿತು. ಹೆಂಗಸರೆಲ್ಲ ನನ್ನನ್ನು ನೋಡಿ ಮುಸಿಮುಸಿ ನಕ್ಕರು. ಅತ್ತಿಗೆ ಆ ದಿನ ಊಟ ಮಾಡಿದಳೋ ಇಲ್ಲವೋ, ನಾನು ನೋಡಲಿಲ್ಲ.

ಹಾಗಾದರೆ ಮರಿಸ್ವಾಮಿಗೂ ನನಗೂ ಏನು ವ್ಯತ್ಯಾಸ? ಅವನು ತಿಳಿಯದೆ ಕೊಟ್ಟ. ನಾನು ತಿಳಿದೂ ತಿಳಿದೂ, ಜಂಬಕ್ಕೆ ಕೊಟ್ಟೆ. (ಡಿಗ್ರಿ ಇದೆ ನನಗೆ. ಪ್ರತಿ ವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಬೇರೆ ಹೇಳುತ್ತೇನೆ.)

ಬೆರಳು ಉಳಿಯಲಿಲ್ಲ. ಇನ್ಫೆಕ್ಷನ್ ಮೂಳೆಗೆ ಇಳಿದಿತ್ತು. ಆ ನಾಲ್ಕು ಅಚ್ಚು ಬೆಲ್ಲದಿಂದಲೇ ಹೋಯಿತು ಅಂತ ಡಾಕ್ಟರು ಹೇಳಲಿಲ್ಲ. ಇದು ವರ್ಷಗಟ್ಟಲೆ ಆಗಿದ್ದು ಅಂದರು. ಇನ್ನು ಮೇಲಾದರೂ ನೋಡಿಕೊಳ್ಳದಿದ್ದರೆ ಮುಂದೆ ಪಾದಕ್ಕೇ ಬರಬಹುದು ಅಂತಲೂ ಎಚ್ಚರಿಸಿದರು.

ಡಿಸ್ಚಾರ್ಜ್ ಮಾಡಿಸಿಕೊಂಡು ಊರಿಗೆ ಕರೆದೊಯ್ದೆವು. ಅಂದು ಸಂಜೆ ಅತ್ತಿಗೆ ಪಡಸಾಲೆಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಕೂತು ಕಜ್ಜಾಯದ ಮಾತೆತ್ತಿದೆ. ತಪ್ಪಾಯಿತು ಅಂದೆ. ಅವಳು ಮೊರ ನಿಲ್ಲಿಸಲೇ ಇಲ್ಲ.

"ಅದೆಲ್ಲ ಬುಡು. ನಾಳಿಕ್ಕೆ ಎಲ್ರೂ ನೋಡಕ್ಕೆ ಬತ್ತಾರೆ. ಎಲ್ಲಾ ನಿಮ್ ಕಡೆಯೋರೆಯ. ನಾನೊಬ್ಳೇ ಎಷ್ಟು ಜನದ ಕೈಲಿ ಅನ್ನಿಸ್ಕಳ್ಳಿ? ಬಾಗ್ಲಲ್ಲಿ ನೀನ್ ಕೂತ್ಕೊ."

ಕೂತೆ. ಬೆಳಿಗ್ಗೆ ಮೊದಲು ಬಂದವನು ಮರಿಸ್ವಾಮಿ. ಒಳಗೆ ಬರಲಿಲ್ಲ. ಜಗುಲಿಯ ಕೆಳಗೇ ನಿಂತ. ಕೈ ಎಲ್ಲಿಟ್ಟುಕೊಳ್ಳಬೇಕು ಅಂತ ಗೊತ್ತಾಗದೆ ಟವೆಲ್ ಹಿಂಡುತ್ತಿದ್ದ.

"ಬರಿಗೈಲಿ ಬಂದಿವ್ನಿ ಕಣಮ್ಮ. ಒಳಿಕ್ ಬರ್ಲಾ?"

ನನ್ನ ಸಿಟ್ಟೆಲ್ಲ ಕರಗಿ ಅಳು ಬಂತು. ಬಾ ಅಂದೆ. ಅವನು ನೆಟ್ಟಗೆ ಹೋಗಿ ಅಣ್ಣನ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತು ಬ್ಯಾಂಡೇಜನ್ನೇ ನೋಡುತ್ತಿದ್ದ. ಮುಂದಿನ ಚೆಕಪ್‌ಗೆ ಮಂಡ್ಯಕ್ಕೆ ತಾನೇ ಕರೆದುಕೊಂಡು ಹೋಗುತ್ತೇನೆ ಅಂತ ಅತ್ತಿಗೆಗೆ ಹೇಳಿ ಹೋದ.

ಅವನು ಅತ್ತ ಹೋದ, ಇತ್ತ ದೊಡ್ಡಮ್ಮ ಕ್ಯಾರಿಯರ್ ಹಿಡಿದುಕೊಂಡು ಬಂದಳು. ಶ್ಯಾವಿಗೆ ಪಾಯಸ. ಬೆಲ್ಲದ್ದೇ ಅಂತ ಒತ್ತಿ ಹೇಳಿದಳು. ಮುಚ್ಚಳ ಹಾಕಿ ಅವಳ ಕೈಗೇ ಕೊಟ್ಟೆ. ನೀನೂ ಅವಳ ಹಾಗೇ ಆದೆಯಲ್ಲ ಅಂತ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಓದಿಕೊಂಡ ಹೆಂಗಸರ ಅಹಂಕಾರದ ಬಗ್ಗೆ ಎರಡು ಮೆಸೇಜು ಬಿದ್ದಿದ್ದವು.

ಹೀಗೆ ನಮ್ಮ ಮನೆಯಲ್ಲಿ ಈಗ ಕೆಟ್ಟವರು ಇಬ್ಬರಾದೆವು. ನಿಮ್ಮ ಮನೆಯಲ್ಲಿ ಆ ಕೆಟ್ಟ ಹೆಸರು ಹೊತ್ತು ಒಬ್ಬಳೇ ಬಾಗಿಲು ಕಾಯುತ್ತಿರುವವಳು ಯಾರು?