ಪ್ರೇಮಮ್ಮ ಒಗೆದ ಬಿಳಿ ಕೋಟು

ಕೆಸರೆಯಲ್ಲಿ ಪ್ರೇಮಮ್ಮನ ಹತ್ರ ಮೀನು ಕೊಳ್ಳದವರು ಕಮ್ಮಿ. ಆ ಕಮ್ಮಿ ಜನರಲ್ಲಿ ನಾನೊಬ್ಬಳು, ಪಕ್ಕದ ಮನೆ ಮಾದೇವಮ್ಮ. ವಾಸನೆಗೆ ಮೂಗು ಮುರಿಯುತ್ತಲೇ ಇಷ್ಟು ವರ್ಷ ಅವಳ ಜೊತೆ ಕಾಫಿ ಕುಡ್ಕೊಂಡು ಬಂದಿದ್ದೀನಿ. ಅವಳ ಗಂಡ ಬೇಗ ತೀರಿಹೋದ. ಮಂಗಳೂರಿಂದ ಐಸಲ್ಲಿ ಬರೋ ಬಂಗುಡೆ, ಬೂತಾಯಿ ಮೀನು ಇಳಿಸ್ಕೊಂಡು, ರಸ್ತೆ ಬದೀಲಿ ಕೂತು ಮಾರಿ ಮಗ ಹರೀಶನ್ನ ಸಾಕಿದೋಳು. ಬಾಯಿ ಜೋರು, ತೂಗುವಾಗ ಕೈ ಧಾರಾಳ.

ಸೊಸೆ ಸೌಮ್ಯ ಬಿಎಸ್ಸಿ ಓದಿದವಳು. ಅವಳಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಅಂತೀರಿ? ಕಡಕೊಳದ ಒಂದು ಲ್ಯಾಬಲ್ಲಿ. ಅದೂ ಮೀನಿನ ಕೆಲಸವೇ, ಆದರೆ ಅಲ್ಲಿ ಒಂದು ಮೀನೂ ಇಲ್ಲ. ಮೀನು ಓಡಾಡಿದ ನೀರಲ್ಲಿ ಅದರ ಲೋಳೆ, ಹುರುಪೆ ಚೂರು ಉಳಿದಿರುತ್ತಂತೆ. ಕಾರವಾರದ ಸಮುದ್ರದ ನೀರನ್ನ ಅಲ್ಲೇ ಸೋಸಿ, ಸೋಸಿದ ಕಾಗದಾನ ಐಸಲ್ಲಿಟ್ಟು ಇಲ್ಲಿಗೆ ಕಳಿಸ್ತಾರೆ. ಅದಕ್ಕಂಟಿದ ಡಿಎನ್‌ಎ ನೋಡಿ ಆ ಕಡಲಲ್ಲಿ ಯಾವ್ಯಾವ ಮೀನಿವೆ, ಯಾವುದು ಕಾಣೆಯಾಗ್ತಿದೆ ಅಂತ ಇವರು ಹೇಳ್ತಾರೆ. ಬಲೆ ಬೀಸೋದೇ ಬೇಡ. ಪ್ರೇಮಮ್ಮ ಮೊದಲು ನಂಬಲಿಲ್ಲ. ಆಮೇಲೆ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿ ತಲೆ ತಿಂದಳು.

ಮೀನಿನ ಮನೆಯಿಂದ ಆ ಲ್ಯಾಬಿಗೆ ಹೋಗೋದು ಸುಲಭವಲ್ಲ. ಸೌಮ್ಯ ಕೆಲಸದ ದಿನ ಮೀನು ಮುಟ್ಟುತ್ತಿರಲಿಲ್ಲ. ಬಟ್ಟೆ ಬೇರೆ ಪೆಟ್ಟಿಗೇಲಿ. ಲ್ಯಾಬಿನ ಬಿಳಿ ಕೋಟನ್ನ ಮನೆಗೆ ತಂದು ಬೇರೆ ಬಕೀಟಲ್ಲಿ ತಾನೇ ಒಗೀತಿದ್ದಳು. ಒಂದ್ಸಲ ಜ್ವರ ಬಂದು ಮಲಗಿದಾಗ ಹರೀಶನಿಗೆ ಒಗೆಯೋಕೆ ಹೇಳಿದಳು. ಅವನು ಮರೆತ. ಪ್ರೇಮಮ್ಮ ನೋಡಿ, ಪಾಪ ಮಗು ಅಂತ, ತನ್ನ ಮೀನು ವಾಸನೆ ಸೀರೆ ಒಗೆಯೋ ಕಲ್ಲಿನ ಮೇಲೇ ಕುಕ್ಕಿ ಒಗೆದು, ಇಸ್ತ್ರಿ ಮಾಡಿಟ್ಟಳು. ಗಂಡನೇ ಒಗೆದ ಅಂದ್ಕೊಂಡು ಸೌಮ್ಯ ಹಾಕ್ಕೊಂಡು ಹೋದಳು.

ಲ್ಯಾಬಲ್ಲಿ ಸಮುದ್ರದ ಕಾಗದಗಳ ಜೊತೆ ಬರೀ ಶುದ್ಧ ನೀರು ಸೋಸಿದ ಒಂದು ಕಾಗದಾನೂ ಪರೀಕ್ಷೆ ಮಾಡ್ತಾರೆ. ಅದರಲ್ಲಿ ಏನೂ ಕಾಣಬಾರದು. ಈ ಸಲ ಬಂಗುಡೆ ಕಂಡಿತು. ಕೆರೆ ಮೀನಾಗಿದ್ರೆ ಬದಿಗೆ ಸರಿಸಬಹುದಿತ್ತು. ಬಂಗುಡೆ ಕಾರವಾರದಲ್ಲೂ ಇರೋದೇ. ಉಳಿದ ಕಾಗದದಲ್ಲಿ ಕಂಡಿದ್ದು ಕಡಲಿನದ್ದೋ ಕೆಸರೆಯದ್ದೋ, ಯಾರು ಹೇಳ್ತಾರೆ? ಅಷ್ಟೂ ಕೆಲಸ ದಂಡ.

ಅಲ್ಲಿನ ಮುಖ್ಯಸ್ಥೆ ರಂಜನಿ ಮೇಡಂ ಕೋಟು ಒಗೆದಿದ್ದು ಯಾರು ಅಂತ ಕೇಳಿದಾಗ ಸೌಮ್ಯ, ನಾನೇ ಅಂದುಬಿಟ್ಟಳು. ಅಷ್ಟರಲ್ಲಿ ಹರೀಶನಿಂದ ನಿಜ ಗೊತ್ತಾಗಿತ್ತು, ಆದರೂ ಅತ್ತೆ ಹೆಸರು ಹೇಳೋಕೆ ಮನಸ್ಸು ಬರಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಈ ತಿಂಗಳಿಗೆ ಬಿಡಿಸೋ ಮಾತು ಬಂತು. ನಮ್ಮನೇಲಿ ಕೂತು ಅತ್ತಳು. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ. ನೇರ ಹೋಗಿ ಪ್ರೇಮಮ್ಮನಿಗೆ ಹೇಳಿದೆ.

ಅವಳು ಬುಟ್ಟಿ ಮುಚ್ಚಿ, ಸ್ನಾನ ಮಾಡಿ, ಮಡಿಸಿಟ್ಟ ಸೀರೆ ಉಟ್ಟು, ನನ್ನನ್ನೂ ಎಳ್ಕೊಂಡು ಕಡಕೊಳದ ಬಸ್ಸು ಹತ್ತಿದಳು. ಗೇಟಿನೊಳಗೆ ಮಾತ್ರ ಕಾಲಿಡಲಿಲ್ಲ. ರಂಜನಿ ಮೇಡಂ ಹೊರಗೆ ಬಂದರು.

"ಹತ್ರ ಬರಬೇಡಿ ಮೇಡಮ್ಮೋರೆ, ನಾನು ಮೀನು ಮಾರೋಳು. ಕೋಟು ಒಗೆದಿದ್ದು ನಾನು, ಅವಳಲ್ಲ. ಬೇಕಿದ್ರೆ ನಾನು ಬೇರೆ ಮನೆ ಮಾಡ್ಕೊಂಡು ಹೋಗ್ತೀನಿ. ಅವಳನ್ನ ತೆಗೀಬೇಡಿ."

ಮೇಡಂ ಅಲ್ಲೇ ನಿಂತು ಹೇಳಿದರು.

"ಕೋಟನ್ನ ಮನೆಗೆ ಕಳಿಸಿದ್ದೇ ನಮ್ಮ ತಪ್ಪಮ್ಮ. ಇನ್ಮೇಲೆ ಇಲ್ಲೇ ಒಗೆಸ್ತೀವಿ. ಸೌಮ್ಯ ಕೆಲಸಕ್ಕೆ ಬರಲಿ. ನೀವೂ ಎಲ್ಲಿಗೂ ಹೋಗಬೇಡಿ."

ಕೆಲಸವೇನೋ ಉಳೀತು. ಆದರೆ ಪ್ರೇಮಮ್ಮನಿಗೆ ಭಯ ಹೋಗಲಿಲ್ಲ. ತನ್ನ ತಟ್ಟೆ ಬೇರೆ ಇಟ್ಟಳು, ಹಾಸಿಗೆ ಹೊರಗಿನ ಕೋಣೆಗೆ ಹಾಕಿದಳು. ಸೌಮ್ಯ ಹತ್ತಿರ ಬಂದರೆ ಎದ್ದು ಹೋಗ್ತಿದ್ದಳು. ಇದೇನು ನಿನಗೆ ಈ ವಯಸ್ಸಲ್ಲಿ ಮಡಿ ಹುಚ್ಚು ಅಂತ ನಾನು ರೇಗಿದೆ. ಕೇಳಲಿಲ್ಲ.

ಶನಿವಾರ ಸಂಜೆ ನಾವಿಬ್ಬರೂ ಜಗಲಿ ಮೇಲೆ ಕೂತಿದ್ವಿ. ಸೌಮ್ಯ ಎಣ್ಣೆ ಬಾಟ್ಲಿ ತಂದು ಅತ್ತೆ ಮುಂದೆ ಇಟ್ಟು, ಜಡೆ ಬಿಚ್ಚಿ, ಕೆಳಗಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಕೂತಳು. ಪ್ರೇಮಮ್ಮ ಕೈಗಳನ್ನ ಸೆರಗೊಳಗೆ ಮುಚ್ಚಿಕೊಂಡಳು.

"ಕೈಯೆಲ್ಲ ಮೀನು ಕಣಮ್ಮ."

"ಗೊತ್ತು ಅತ್ತೆ. ನಾಳೆ ರಜ. ಸೋಮವಾರ ಬೆಳಗ್ಗೆ ತಲೆ ತೊಳ್ಕೋತೀನಿ. ಅಲ್ಲೀತನಕ ಇದ್ರೆ ಏನಾಗಲ್ಲ, ಹಚ್ಚಿ."

ಪ್ರೇಮಮ್ಮ ಅಂಗೈಗೆ ಎಣ್ಣೆ ಸುರ್ಕೊಂಡಳು. ದೀಪ ಹಚ್ಚೋ ಹೊತ್ತಾದರೂ ಸೊಸೆ ತಲೆಗೆ ಎಣ್ಣೆ ತಿಕ್ಕುತ್ತಲೇ ಇದ್ದಳು.