ಪುಟ್ಟಮಾದಮ್ಮನವರ ಹಿತ್ತಲ ಕ್ಯಾರೆಟ್‌ಗೆ ಏನು ಕೊರತೆ?

ಸಂತೆಯಲ್ಲಿ ಕ್ಯಾರೆಟ್ ಆರಿಸಿಕೊಳ್ಳುವಾಗ ಅದನ್ನು ಯಾವ ಬೀದಿಯವರು ಬೆಳೆದರೆಂದು ನೀವು ಎಂದಾದರೂ ವಿಚಾರಿಸಿದ್ದೀರಾ? ವಿಚಾರಿಸಿಲ್ಲ. ತಂದಿದ್ದೀರಿ, ತುರಿದಿದ್ದೀರಿ, ಮಕ್ಕಳ ತಟ್ಟೆಗೆ ಹಾಕಿದ್ದೀರಿ. ಬೆಳೆದವರ ಮುಖ ಕಾಣದಿರುವಷ್ಟು ಕಾಲ ತರಕಾರಿಗೆ ಮೈಲಿಗೆಯಿಲ್ಲ. ಮುಖ ಕಂಡೊಡನೆ ಮಾತ್ರ ಮಗುವಿನ ಶೀತ, ಕೆಮ್ಮು, ಅಜೀರ್ಣಗಳೆಲ್ಲ ಒಟ್ಟಿಗೆ ನೆನಪಾಗುತ್ತವೆ.

ನಂಜನಗೂಡು ತಾಲ್ಲೂಕಿನಲ್ಲಿ, ಹುಲ್ಲಹಳ್ಳಿ ಕಡೆಗೆ, ಒಂದು ಊರು. ಹೆಸರು ಬೇಡ, ನಿಮ್ಮೂರೇ ಎಂದುಕೊಂಡರೆ ತಪ್ಪಾಗಲಾರದು. ನಾಲೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕೆಳಗಿನ ಬೀದಿಯ ಕೊನೆಯ ಮನೆಯ ಹಿತ್ತಲಲ್ಲಿ ಪುಟ್ಟಮಾದಮ್ಮ ಸೀರೆ ಎತ್ತಿ ಕಟ್ಟಿ, ಪಾತಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಸಂಜೆಯೇ ನೀರುಣಿಸಿದ ನೆಲ ಮೆತ್ತಗಿದೆ. ಸೊಪ್ಪಿನ ಬುಡ ಹಿಡಿದು, ತುಸು ತಿರುಚಿ, ಮೇಲಕ್ಕೆಳೆಯುತ್ತಾರೆ. ಕೈಗೆ ಬಂದ ಕ್ಯಾರೆಟ್‌ನ ಬಣ್ಣವನ್ನಲ್ಲ, ಅವರು ಮೊದಲು ನೋಡುವುದು ತುದಿಯನ್ನು. ತುದಿ ಒಂದೇ. ಕವಲಿಲ್ಲ. ಬಿಗಿಹಿಡಿದ ಉಸಿರು ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾರೆ.

"ಇದೂ ನೆಟ್ಟಗದೆ, ನೋಡ್ದಾ?"

ಹಿತ್ತಲ ಬಾಗಿಲಲ್ಲಿ ಟೀ ಲೋಟ ಹಿಡಿದು ಕುಳಿತ ಪತಿ ಚನ್ನಯ್ಯ ನಗುತ್ತಾರೆ. "ನೋಡ್ದೆ, ನೋಡ್ದೆ. ಪೊಲೀಸ್ನೋರಂಗೆ ನಿಂತವೆ. ಒಂದ್ ಸಲೂಟ್ ಒಡಿ."

"ಸುಮ್ಕಿರು ನೀನು. ಇವತ್ತು ಇವು ಅಂಗನವಾಡಿಗೆ ಓಗೋವು."

ಪುಟ್ಟಮಾದಮ್ಮ ಆ ಊರಿನ ಅಂಗನವಾಡಿಯ ಸಹಾಯಕಿ. ತವರು ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಕಡೆ. ಭತ್ತದ ಕೆಸರಿನಲ್ಲೇ ಆಡಿ ಬೆಳೆದವರು. ಬೆಳಗಾದರೆ ಎರಡೂ ಬೀದಿ ಸುತ್ತಿ ಮಕ್ಕಳನ್ನು ಕೈಹಿಡಿದು ಕರೆತರುತ್ತಾರೆ. ಕೋಣೆ ಗುಡಿಸುತ್ತಾರೆ, ಮೂಗು ಒರೆಸುತ್ತಾರೆ, ತಟ್ಟೆ ತೊಳೆಯುತ್ತಾರೆ. ಅಡುಗೆ ಮಾಡಿ ಬಡಿಸುವುದೂ ಸಹಾಯಕಿಯ ಕೆಲಸವೇ. ಆದರೆ ಅವರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಮೇಲಿನ ಬೀದಿಯವರು ಒಂದು ಏರ್ಪಾಡು ಮಾಡಿಬಿಟ್ಟರು. ಒಲೆಯ ಮುಂದೆ ಟೀಚರ್ ಶಾಲಿನಿ, ಹೊರಗಿನ ಕೆಲಸಕ್ಕೆ ಪುಟ್ಟಮಾದಮ್ಮ. "ಅಡುಗೆ ಟೀಚರೇ ಮಾಡ್ಕತ್ತಾರೆ, ನಿಂಗ್ಯಾಕಮ್ಮಿ ಒಲೆ ಒಗೆ ಸಾವಾಸ" ಎಂದು ಉಪಕಾರಿಗಳ ದನಿಯಲ್ಲಿ ಹೇಳಿದರು. ಅನ್ಯಾಯವು ಉಪಕಾರದ ವೇಷ ತೊಟ್ಟು ಬಂದಾಗ ಅದನ್ನು ಎದುರಿಸುವುದಿರಲಿ, ಅದಕ್ಕೆ ಹೆಸರಿಡುವುದೂ ಕಷ್ಟ.

ಹೋದ ವರ್ಷ, ಕೈತೋಟ ಮಾಡಿರೆಂದು ಅಂಗನವಾಡಿಗೆ ಕ್ಯಾರೆಟ್ ಬೀಜದ ಪೊಟ್ಟಣ ಬಂತು. ಕಟ್ಟಡದ ಸುತ್ತ ಇರುವುದು ಸಿಮೆಂಟು ನೆಲ. "ನಮ್ಮ ಇತ್ಲಲ್ಲಿ ಆಕ್ತೀನಿ ಬುಡಿ ಟೀಚರ್" ಎಂದು ಪುಟ್ಟಮಾದಮ್ಮ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡರು. ಅಡುಗೆಮನೆಗೆ ತಾವು ಹೋಗುವಂತಿಲ್ಲ. ತಾವು ಬೆಳೆದದ್ದಾದರೂ ಹೋಗಲಿ, ಆ ಮಕ್ಕಳ ಬಾಯಿ ಸೇರಲಿ ಎಂಬುದು ಅವರ ಆಸೆ.

ಭತ್ತದ ಸೀಮೆಯ ಕೈಗೆ ಬೇಸಾಯವೆಂದರೆ ನಾಟಿ. ಒಂದು ಮೂಲೆಯ ಸಸಿಮಡಿಯಲ್ಲಿ ಒಟ್ಲು ಬಿಟ್ಟು ಪೈರು ಎಬ್ಬಿಸಬೇಕು, ಅದನ್ನು ಕಿತ್ತು ಸಾಲಾಗಿ ನೆಡಬೇಕು. ಪುಟ್ಟಮಾದಮ್ಮ ಕ್ಯಾರೆಟ್‌ಗೂ ಹಾಗೆಯೇ ಮಾಡಿದರು. ಸೊಪ್ಪು ಸೊಗಸಾಗಿ ಬಂತು. ನೆಲದೊಳಗೆ ನಡೆದ ಅನಾಹುತ ತಿಳಿದದ್ದು ಕಿತ್ತ ದಿನ. ಎರಡು ಕಾಲಿನವು, ಮೂರು ಕಾಲಿನವು, ಕಾಲಿಗೆ ಕಾಲು ಹೆಣೆದುಕೊಂಡವು. ಆದರೂ ಮಂಕರಿಯಲ್ಲಿ ತುಂಬಿ ಅಂಗನವಾಡಿಗೆ ತಂದರು.

ಅಂದು ಮೊಮ್ಮಗಳನ್ನು ತಾವೇ ಬಿಡಲು ಬಂದಿದ್ದ ಮೇಲಿನ ಬೀದಿಯ ರಾಮಮ್ಮ ಮಂಕರಿಯೊಳಗೆ ಇಣುಕಿದರು. "ಅಯ್ಯೋ ಪುಟ್ಟಮಾದೀ, ಇದೇನಮ್ಮಿ, ಇವುಕ್ಕೆ ಕಾಲು ಬಂದವೆ! ಎದ್ದು ಓಡೋಯ್ತವೆ, ಇಡ್ಕೊ! ಮಕ್ಳು ಎದರ್ಕತ್ತವೆ, ತಗಿ ಅತ್ಲಾಗೆ. ನಮ್ಮ ದನಕ್ಕಾದ್ರೂ ಆಕು."

ನಿಂತಿದ್ದ ತಾಯಂದಿರೆಲ್ಲ ನಕ್ಕರು. ಪುಟ್ಟಮಾದಮ್ಮನೂ ಸೆರಗು ಬಾಯಿಗಿಟ್ಟು ನಕ್ಕರು. ಅಂದು ರಾತ್ರಿ ಉಣ್ಣಲಿಲ್ಲ. ಕ್ಯಾರೆಟ್ ರಾಮಮ್ಮನವರ ಹಸುವಿಗೆ ಹೋಯಿತು. ಆ ಹಸುವಿನ ಹಾಲು ಅದೇ ಮೊಮ್ಮಗಳ ಲೋಟಕ್ಕೆ ಹೋಯಿತು. ರಜೆಯ ದಿನಗಳಲ್ಲಿ ಆ ಮನೆಯ ಗದ್ದೆಗೆ ನಾಟಿ ಹಾಕುವವರಲ್ಲಿ ಪುಟ್ಟಮಾದಮ್ಮನೂ ಒಬ್ಬರು. ಅವರ ಕೈ ತಾಗಿದ್ದರಿಂದ ಆ ಮನೆಯ ಅನ್ನ ಕೆಟ್ಟಿಲ್ಲ, ಹಾಲು ಒಡೆದಿಲ್ಲ. ಇದನ್ನು ಅಂದು ಯಾರೂ ಯೋಚಿಸಲಿಲ್ಲ. ಪುಟ್ಟಮಾದಮ್ಮನೂ ಯೋಚಿಸಲಿಲ್ಲ. ಮಕ್ಕಳಿಗೆ ಸೊಟ್ಟ ತರಕಾರಿ ತಂದೆನಲ್ಲ ಎಂದು ವರ್ಷವಿಡೀ ಒಳಗೊಳಗೇ ನಾಚಿಕೊಂಡರು.

ನಾಚಿಕೆ ತಡೆಯಲಾಗದೆ ಒಂದು ದಿನ ಹುಲ್ಲಹಳ್ಳಿ ಸಂತೆಯಲ್ಲಿ ತರಕಾರಿ ಮಾರುವ ರಾಚಯ್ಯನವರನ್ನು ಕೇಳಿಯೇಬಿಟ್ಟರು. "ಅಣ್ಣೋ, ಕ್ಯಾರೆಟ್‌ಗೆ ಕಾಲು ಯಾಕ್ ಬತ್ತವೆ?"

"ನೀನೇನ್ ಮಾಡ್ದೆ ಏಳು ಮೊದ್ಲು."

"ಒಟ್ಲು ಬುಟ್ಟು ನಾಟಿ ಆಕ್ದೆ."

ರಾಚಯ್ಯ ತಕ್ಕಡಿ ಕೆಳಗಿಟ್ಟು ನಕ್ಕರು. "ಅಕ್ಕೋ, ಬತ್ತ ಅನ್ಕಂಡ್ಯಾ ಅದ? ಅದ್ರ ಬೇರೇ ಗೆಡ್ಡೆ ಕಣಕ್ಕ! ಕೀಳವಾಗ ತುದಿ ಮುರುದ್ರೆ ಕವಲೊಡೀದೆ ಇನ್ನೇನ್ ಮಾಡದು? ಉಟ್ಟಿದ್ ಜಾಗದಲ್ಲೇ ಬೆಳೀಲಿ ಬುಡು."

ಈ ವರ್ಷ ಪುಟ್ಟಮಾದಮ್ಮ ಪಾತಿಯನ್ನು ಆಳವಾಗಿ ಅಗೆದು ಕಲ್ಲು ಆರಿಸಿದರು. ಬೀಜವನ್ನು ಅಂಗೈಯಲ್ಲಿ ಉಜ್ಜಿ, ಮರಳಿನೊಂದಿಗೆ ಬೆರೆಸಿ, ಗೆರೆ ಎಳೆದು ಉದುರಿಸಿದರು. ತಡವಾಗಿ ಮೊಳೆಯುವ ಬೀಜ. ಮೊಳಕೆ ಕಾಣುವವರೆಗೂ ಗೋಣಿತಾಟು ಹೊದಿಸಿ, ಮೇಲಿನಿಂದ ಬೆರಳಲ್ಲಿ ನೀರು ಚಿಮುಕಿಸಿದರು. ಒತ್ತಾಗಿ ಹುಟ್ಟಿದ ಸಸಿಗಳನ್ನು ಕಿತ್ತು ಬಿಡುವು ಮಾಡುವಾಗ ಮಾತ್ರ ಅವರ ಕೈ ಸೋತಿತ್ತು. "ನಾಟಿ ಮಾಡೋ ಕೈ ಇದು. ಕಿತ್ತಿದ್ದ ಬಿಸಾಕಕ್ಕೆ ಮನ್ಸೇ ಬರ್ಲಿಲ್ಲ. ಅತ್ಲಾಗೆ ನೆಟ್ಬುಡಣ ಅನ್ನುಸ್ತು. ಬ್ಯಾಡ ಅಂತ ಕೈಗೆ ನಾನೇ ಒಂದ್ ಏಟ್ ಆಕ್ಕಂಡೆ" ಎಂದು ನಗುತ್ತಾರೆ.

ಆ ಬೆಳಗಿನ ಮಂಕರಿ ಅಂಗನವಾಡಿ ತಲುಪುತ್ತದೆ. ಶಾಲಿನಿ ಕ್ಯಾರೆಟ್ ತೊಳೆದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಮಕ್ಕಳ ಕೈಗಿಡುತ್ತಾರೆ. ಕರುಂ ಕರುಂ ಸದ್ದು ಕೋಣೆಯನ್ನು ತುಂಬುತ್ತದೆ. ರಾಮಮ್ಮನವರ ಮೊಮ್ಮಗಳೂ ಒಂದನ್ನು ಬಾಯಿಗೆ ಹಾಕಿಕೊಂಡಿದ್ದಾಳೆ. ಪುಟ್ಟಮಾದಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದಾರೆ. ಅಷ್ಟರಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರ ಜೊತೆ ರಾಮಮ್ಮ ಬರುತ್ತಾರೆ.

"ಎಲ್ಲೀವು ಟೀಚರೇ ಇವು?"

"ಪುಟ್ಟಮಾದಮ್ಮನ ಹಿತ್ತಲದ್ದು. ಎಷ್ಟ್ ಚೆನ್ನಾಗಿ ಬಂದಿವೆ ನೋಡಿ ರಾಮಮ್ಮೋರೆ."

ರಾಮಮ್ಮ ಬಗ್ಗುತ್ತಾರೆ. ಮೊಮ್ಮಗಳ ಕೆನ್ನೆ ಒತ್ತಿ ಹಿಡಿದು, ಬಾಯೊಳಗೆ ಬೆರಳು ಹಾಕಿ, ಅಗಿದದ್ದನ್ನು ಹೊರಗೆ ತೆಗೆಯುತ್ತಾರೆ. "ಕೆಮ್ಮು ಅದೆ ಇವುಳ್ಗೆ." ಮಗು ಅಳತೊಡಗುತ್ತದೆ.

"ಈ ಸಲ ನೆಟ್ಟಗವೆ ಕಣ್ರವ್ವಾ. ಒಂದ್ಕೂ ಕಾಲಿಲ್ಲ" ಎನ್ನುತ್ತಾರೆ ಪುಟ್ಟಮಾದಮ್ಮ.

"ನೆಟ್ಟಗೇ ಅವೆ. ನಾನೇನ್ ಇಲ್ಲ ಅಂದ್ನಾ?"

"ಮತ್ಯಾಕ್ರವ್ವಾ?"

ರಾಮಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಎಲ್ಲಾನೂ ಬಾಯ್ಬುಟ್ಟು ಏಳ್ಬೇಕಾ ಪುಟ್ಟಮಾದೀ?"

ಮೇಲಿನ ಬೀದಿಯ ಇತರ ತಾಯಂದಿರೂ ಒಬ್ಬೊಬ್ಬರಾಗಿ ತಮ್ಮ ಮಕ್ಕಳ ಮುಷ್ಟಿ ಬಿಡಿಸುತ್ತಾರೆ. ಬಿಲ್ಲೆಗಳು ನೆಲಕ್ಕೆ ಬೀಳುತ್ತವೆ. ಶಾಲಿನಿ ತಟ್ಟೆ ಹಿಡಿದು ನಿಂತೇ ಇರುತ್ತಾರೆ. ಎಲ್ಲರೂ ಹೋದ ಮೇಲೆ, ನೆಲ ನೋಡುತ್ತಾ, "ನಾನ್ ಒಂದ್ ಮಾತು ಆಡ್ಬೇಕಿತ್ತು. ಮಕ್ಕಳನ್ನ ಕಳ್ಸೋದೇ ನಿಲ್ಲಿಸ್ಬಿಟ್ರೆ ಅಂತ ಹೆದರ್ಕೊಂಡೆ" ಎನ್ನುತ್ತಾರೆ. ಬಿದ್ದ ಬಿಲ್ಲೆಗಳನ್ನು ಬೆಳೆದವರೇ ಗುಡಿಸುತ್ತಾರೆ.

"ಓದ್ ವರ್ಸಾನೇ ವಾಸಿಯಿತ್ತು ಟೀಚರ್" ಎನ್ನುತ್ತಾರೆ ಪುಟ್ಟಮಾದಮ್ಮ. "ಸೊಟ್ಟಗವೆ, ಅದ್ಕೇ ಬ್ಯಾಡ ಅಂತಾರೆ ಅನ್ಕಂಡಿದ್ದೆ. ನನ್ ಕೈ ಕಲೀಬೇಕು ಅಷ್ಟೇಯ ಅನ್ಕಂಡಿದ್ದೆ. ಈಗ ಕೈ ಕಲ್ತದೆ. ಇನ್ನೇನ್ ಸರಿ ಮಾಡ್ಕಳ್ಳಿ ನಾನು?"

ಈ ಪ್ರಶ್ನೆಗೆ ಉತ್ತರಿಸಬೇಕಾದವರು ಪುಟ್ಟಮಾದಮ್ಮನೂ ಅಲ್ಲ, ರಾಮಮ್ಮ ಒಬ್ಬರೇ ಅಲ್ಲ. ತಪ್ಪಿಲ್ಲದವರು ವರ್ಷವಿಡೀ ನಾಚಿದ್ದಾರೆ. ನಾಚಬೇಕಾದ ನಾವು ಉಂಡು, ಕುಡಿದು, ಬಾಯಿ ಒರೆಸಿಕೊಂಡು ಕುಳಿತಿದ್ದೇವೆ. ಎಲ್ಲರೂ ಸಮಾನರೆಂದು ಶಾಲೆಯ ಗೋಡೆಗೆ ಬಣ್ಣದಲ್ಲಿ ಬರೆಸಿದವರು ನಾವೇ. ಆದರೆ ಆ ಮಗುವಿಗೆ ಅಕ್ಷರ ಬಾರದು. ಬಾಯೊಳಗೆ ಬಂದ ಅಜ್ಜಿಯ ಬೆರಳು ಕಲಿಸಿದ್ದೇ ಅದರ ಮೊದಲ ಪಾಠ.

ಪಾತಿಯಲ್ಲಿ ಇನ್ನೂ ಅರ್ಧದಷ್ಟು ಕ್ಯಾರೆಟ್ ಉಳಿದಿದೆ. "ನಾಳೀಕೂ ತಗಂಡೋದೀಯಾ?" ಎಂದು ಚನ್ನಯ್ಯ ಕೇಳುತ್ತಾರೆ. ಈಗ ಅವರ ದನಿಯಲ್ಲಿ ತಮಾಷೆಯಿಲ್ಲ.

"ಓಗ್ತೀನಿ. ನಮ್ಮ ಬೀದಿ ಮಕ್ಳು ತಿಂತವಲ್ಲ. ಆ ಮಗು ಇನ್ನೊಂದ್ ಸಲ ಬಾಯ್ಗಾಕ್ಕಂಡ್ರೆ, ಯಾರೂ ತಗೀದೆ ಇದ್ರೆ ಸಾಕು. ನುಂಗೋಗಂಟ ನಾನು ನೋಡ್ಬೇಕು, ಅಷ್ಟೇಯ."

ಓದುಗರೇ, ನಾಳೆ ನಿಮ್ಮೂರಿನ ಅಂಗನವಾಡಿಗೆ ಹೋಗಿ. ಅಡುಗೆಮನೆಯ ಹೊರಗೆ ಯಾರನ್ನು ನಿಲ್ಲಿಸಿದ್ದಾರೆ ಎಂಬುದನ್ನು ಕಣ್ಣಾರೆ ನೋಡಿ. ಅವರನ್ನು ಪೂರ್ತಿ ಹೆಸರಿನಿಂದ ಕರೆಯಿರಿ. ಬಡಿಸುವಂತೆ ಕೇಳಿಕೊಳ್ಳಿ. ನಿಮ್ಮ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಬಡಿಸಿದವರ ಕಣ್ಣೆದುರಿಗೇ, ತಟ್ಟೆ ಬರಿದಾಗುವವರೆಗೆ ಉಣ್ಣಿ.